ಗುಡ್ಡ ಗುಡಿಸುವ ವೀರಬಸಮ್ಮ

ಮಾಘದ ಚುಮುಚುಮು ಬೆಳಗು. ತೆಲಂಗಾಣದ ಧನ್ವಾಡದ ಕಡೆಯ ಮಲ್ಲಯ್ಯನ ಗುಡ್ಡದಲ್ಲಿ ಆಗಲೇ ಪೊರಕೆಯ ಸದ್ದು. ಅಂಗಳ ಗುಡಿಸುವವರನ್ನು ಎಲ್ಲರೂ ಕಂಡಿದ್ದೇವೆ, ಗುಡ್ಡ ಗುಡಿಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಅರವತ್ತು ದಾಟಿದ ವೀರಬಸಮ್ಮ ಸೀರೆ ಎತ್ತಿ ಕಟ್ಟಿ, ಕಾಡಿನ ಅಂಚಿನುದ್ದಕ್ಕೂ ಎತ್ತಿನಗಾಡಿ ಹೋಗುವಷ್ಟು ಅಗಲದ ನೆಲದಿಂದ ಒಣಹುಲ್ಲು, ತರಗೆಲೆ ಗುಡಿಸಿ ಹಾಕುತ್ತಾರೆ. ಕೆಳಗಿನ ಹೊಲಗಳಿಂದ ಬೆಂಕಿ ಬಂದರೆ ಈ ಬೋಳು ಪಟ್ಟಿಯಲ್ಲೇ ನಿಲ್ಲಬೇಕು. “ರಾತ್ರೆಲ್ಲ ಗಾಳಿ ಮತ್ತ ಎಲಿ ತಂದು ಸುರೀತೈತಿರಿ. ಅದರ ಕೆಲಸ ಅದು ಮಾಡ್ತೈತಿ, ನಂದು ನಾ ಮಾಡ್ತೀನಿ” ಎಂದು ನಗುತ್ತಾರೆ.

ಈಗ ಸೀತಾಫಲ, ಹೊಂಗೆ, ಬೇವು ಒತ್ತೊತ್ತಾಗಿ ನಿಂತಿರುವ ಈ ಗುಡ್ಡ, ತೆಲಂಗಾಣ ರಾಜ್ಯವಾದ ವರ್ಷ ಬೋಳುತಲೆಯಂತಿತ್ತು. ಬುಡದ ಬಾವಿಗೆ ಕೊಡ ಇಳಿಬಿಟ್ಟರೆ ಕಲ್ಲಿಗೆ ಬಡಿಯುತ್ತಿತ್ತು. ಆಗ ಊರವರೇ ಸೇರಿ ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೋಡಿದರು, ಬೀಜ ಊರಿದರು. ಕೊಡಲಿ, ಬೆಂಕಿ ಎರಡೂ ಗುಡ್ಡ ಹತ್ತಕೂಡದೆಂದು ಕಟ್ಟುಪಾಡು ಮಾಡಿ ಕಾವಲಿಗೆ ವೀರಬಸಮ್ಮನವರನ್ನು ನಿಲ್ಲಿಸಿದರು. ಸಂಬಳ? ಸೀತಾಫಲದ ಸುಗ್ಗಿಯಲ್ಲಿ ಒಂದು ಪಾಲು, ಅಷ್ಟೇ.

ಕೊಡಲಿಯೇನೋ ಕೆಳಗಿಳಿಯಿತು, ಬೆಂಕಿ ಇಳಿಯಲಿಲ್ಲ. ಹರಕೆ ಹೊತ್ತವರು ತುದಿಯಲ್ಲಿರುವ ಮಲ್ಲಯ್ಯ ದೇವರ ಮುಂದೆಯೇ ಮೂರು ಕಲ್ಲು ಹೂಡಿ ಹುಗ್ಗಿ ಬೇಯಿಸಬೇಕು. ಅಜ್ಜ ಮುತ್ತಜ್ಜರ ರೂಢಿ ಅದು. ಮೂರನೆಯ ವರ್ಷ ಅಂಥದೊಂದು ಒಲೆಯ ಕಿಡಿ ಹಾರಿ ಅರ್ಧ ಗುಡ್ಡ ಉರಿದುಹೋಯಿತು. ಅಯ್ಯೋ, ಎದೆಮಟ್ಟ ಬೆಳೆದಿದ್ದ ಗಿಡಗಳು! “ಕರುಳು ಕಿತ್ತು ಬಂದಂಗಾತು” ಎನ್ನುತ್ತಾರೆ ವೀರಬಸಮ್ಮ. ಆದರೆ ದೇವರ ಹೆಸರು ಹೇಳಿದ ಮೇಲೆ ಎದುರಾಡುವವರು ಯಾರು?

ಮರುವರ್ಷ ಹರಕೆ ಅವರ ಮನೆಗೇ ಬಂತು. ಸೊಸೆ ಭಾಗ್ಯಜ್ಯೋತಿಗೆ ಸುಸೂತ್ರ ಹೆರಿಗೆಯಾಗಿತ್ತು. “ಮ್ಯಾಲೆ ಒಲಿ ಹೂಡಲಿಲ್ಲಂದ್ರ ಕೂಸಿಗೆ ಏನರ ಆದೀತು” ಎಂದು ವೀರಬಸಮ್ಮನವರ ಮುದುಕಿ ಅತ್ತೆ ಗುರಮ್ಮ ಹಟ ಹಿಡಿದರು. ವೀರಬಸಮ್ಮನವರಿಗೂ ಅಳುಕು, ಮೊಮ್ಮಗಳಲ್ಲವೇ! ಆದರೂ ಬುಡದ ಹುಣಸೆಮರದಡಿ ಹುಗ್ಗಿ ಬೇಯಿಸಿ, ಬಿಸಿ ಆರದಂತೆ ಗಡಿಗೆಗೆ ದಪ್ಪ ಕೌದಿ ಸುತ್ತಿ, ತಲೆಯ ಮೇಲೆ ಹೊತ್ತು ಎಲ್ಲೂ ಕೂರದೆ ಗುಡ್ಡ ಏರಿದರು. ಮಲ್ಲಯ್ಯನ ಮುಂದೆ ಮುಚ್ಚಳ ತೆಗೆದಾಗ ಹಬೆ ಎದ್ದಿತು. “ದೇವರಿಗೆ ಬಿಸಿ ಬೇಕರೀ, ಹೊಗಿ ಅಲ್ಲ” ಎಂದರು. ಆ ಕೂಸು ಈಗ ಗುಂಡುಕಲ್ಲಿನಂತಿದೆ, ಶಾಲೆಗೆ ಹೋಗುತ್ತಿದೆ.

ಇವತ್ತು ಗದ್ವಾಲದ ಕುಟುಂಬವೊಂದು ಜೀಪಿನಲ್ಲಿ ಸೌದೆ ಹೇರಿಕೊಂಡು ಬಂದಿದೆ. ವೀರಬಸಮ್ಮ ಬುಡದಲ್ಲೇ ತಡೆದರೆ ಯಜಮಾನ ಶಂಕರಯ್ಯ ಕಣ್ಣು ಕೆಂಪಗೆ ಮಾಡುತ್ತಾರೆ. “ಏಮಮ್ಮಾ, ನಮ್ಮ ಹಿರೇರು ಮ್ಯಾಲೇ ಒಲಿ ಹಚ್ಯಾರ. ಮಲ್ಲಯ್ಯಗ ನೀ ಜವಾಬು ಹೇಳ್ತೀಯೇನು?”

“ಹೇಳ್ತೀನ್ರೀ ಅಪ್ಪಾ. ನೀವು ಇಲ್ಲೇ ಹುಣಸಿಗಿಡದ ಬುಡಕ ಬೇಯಸ್ರಿ, ಗಡಗಿ ನಾ ಹೊರತೀನಿ. ಮ್ಯಾಲೆ ಮುಚ್ಚಳ ತೆಗದಾಗ ಹಬಿ ಏಳಲಿಲ್ಲಂದ್ರ ನಿಮ್ಮ ಕಟಗಿನೂ ನಾನೇ ಹೊತ್ತು ತರತೀನಿ.”

ಎಂಥ ಎದೆಗಾರಿಕೆ! ಸೋತರೆ ಒಣಗಿ ನಿಂತ ಹುಲ್ಲಿನ ನಡುವೆ ಒಲೆ ಉರಿಯುತ್ತದೆ. ಇಷ್ಟು ವರ್ಷ ಕಾಯ್ದದ್ದೆಲ್ಲ ನೀರಿನಲ್ಲಿ ಹೋಮ. ಗಡಿಗೆ ಹೊತ್ತು ಏರುವಾಗ ಅರ್ಧ ದಾರಿಯಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ, ಕೂರುವ ಕಲ್ಲು ಕಣ್ಣೆದುರೇ ಇದೆ. ವೀರಬಸಮ್ಮ ಕೂರುವುದಿಲ್ಲ.

ತುದಿಯಲ್ಲಿ ಥಂಡಿ ಗಾಳಿ. ಶಂಕರಯ್ಯ ತಾವೇ ಬಗ್ಗಿ ಮುಚ್ಚಳ ಎತ್ತುತ್ತಾರೆ. ಹಬೆ ಭಗ್ಗನೆ ಎದ್ದು ಅವರ ಕನ್ನಡಕವೆಲ್ಲ ಮಂಜಾಗುತ್ತದೆ. ಅವರು ಕನ್ನಡಕ ಒರೆಸಿಕೊಂಡು ಮಲ್ಲಯ್ಯನಿಗೆ ಕೈ ಮುಗಿಯುತ್ತಾರೆ, ಆಮೇಲೆ ಈಕೆಗೂ.

ಇಳಿಯುವಾಗ ವೀರಬಸಮ್ಮ ಆ ಕಲ್ಲಿನ ಮೇಲೆ ಕೂರುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಮೊಣಕಾಲು ತಿಕ್ಕಿಕೊಳ್ಳುತ್ತಾ ಗಿಡಗಳತ್ತ ನೋಡುತ್ತಾರೆ. “ನಮ್ಮ ಮಂದಿ ಸತ್ತೋರ್ನ ಸುಡೂದಿಲ್ಲರಿ, ಮಣ್ಣಾಗ ಇಡ್ತಾರ. ನನ್ನ ಈ ಗಿಡಗಳ ಬುಡಕೇ ಇಟ್ರ ಸಾಕು. ಸತ್ತ ಮ್ಯಾಲೂ ಈ ಗುಡ್ಡಕ್ಕ ನನ್ನಿಂದ ಬೆಂಕಿ ಇಲ್ಲ.”