ಬಾಗಿಲಲ್ಲಿ ಕೂತು ಸೇದಿದ ಬೀಡಿ

ಬಾಳೆಗೊನೆ ಹಾಕಿಕೊಂಡು ದೇವನೂರಿಂದ ನಂಜನಗೂಡಿಗೆ ಗೂಡ್ಸ್ ಆಟೋದಲ್ಲಿ ಹೊರಟಿದ್ದೆ. ನಾನು ಹತ್ತಿದ ಕೂಡಲೇ ಡ್ರೈವರ್ ಹುಡುಗ ಸೇದುತ್ತಿದ್ದ ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೈ ಆಚೆಗೆ ಇಟ್ಟ. ದೊಡ್ಡವರ ಮುಂದೆ ಸೇದಬಾರದಲ್ಲ. ಆದರೆ ಗಾಳಿಗೆ ಹೊಗೆಯೆಲ್ಲ ಒಳಕ್ಕೇ ಬಂತು. ಕೆಮ್ಮಿದೆ.

“ನಾನು ಒಳಗಡೆ ಸೇದಲ್ಲ ದೊಡ್ಡಪ್ಪ,” ಅಂದ. “ಮನೇಲೂ ಅಷ್ಟೇ. ಅವ್ವಂಗೆ ಉಬ್ಬಸ. ಅದಕ್ಕೇ ಬಾಗ್ಲಲ್ಲಿ ಕೂತ್ಕಂಡು ಆಚೆಗೆ ಮೊಕ ಮಾಡ್ಕಂಡು ಸೇದ್ತೀನಿ.”

ನಾನೂ ಮೂವತ್ತು ವರ್ಷ ಹಾಗೇ ಬಾಗಿಲಲ್ಲಿ ಕೂತು ಸೇದಿದವನು. ನನ್ನ ಹೆಂಡತಿ ಬೀಡಿ ಮುಟ್ಟಿದವಳಲ್ಲ, ಶ್ವಾಸಕೋಶ ಕೆಟ್ಟಿದ್ದು ಅವಳದು. ಮನೇಲಿ ಯಾರು ಸೇದ್ತಾರೆ ಅಂತ ಡಾಕ್ಟರು ಕೇಳಿದರೆ, “ಮನೇಲಿ ಯಾರೂ ಸೇದಲ್ಲ ಸಾ, ಇವರು ಬಾಗ್ಲಲ್ಲಿ ಸೇದ್ತಾರೆ” ಅಂದಳು. ನನ್ನ ಬಿಟ್ಟುಕೊಡಬಾರದು ಅಂತಲ್ಲ, ಹಾಗೇ ನಂಬಿದ್ದಳು. ನಾನೂ ನಂಬಿದ್ದೆ. ಹೋದ ವರ್ಷ ತೀರಿಕೊಂಡಳು. ಆಮೇಲೆ ಬೀಡಿ ಬಿಟ್ಟೆ.

ಇಷ್ಟನ್ನೂ ಅವನಿಗೆ ಹೇಳಿದೆ. “ಆಚೆ ಬಿಟ್ಟ ಹೊಗೆ ಒಳಕ್ಕೇ ಬತ್ತದೆ ಕಣ್ಲಾ,” ಅಂದೆ. ಅವನು ಬೀಡಿ ಎಸೆದ. ನಂಜನಗೂಡಿನ ಮಂಡಿ ಬರೋವರೆಗೂ ಇನ್ನೊಂದು ಹಚ್ಚಲಿಲ್ಲ.

ಮೊನ್ನೆ ಮತ್ತೆ ಅವನ ಆಟೋನೇ ಸಿಕ್ಕಿತು. ಈಗ ಊರಾಚೆ ಹುಣಸೆಮರದ ಹತ್ತಿರ ಹೋಗಿ ಸೇದುತ್ತಾನಂತೆ.

“ಅವ್ವ ಈಗ ಚೆನ್ನಾಗಿ ನಿದ್ದೆ ಮಾಡ್ತದೆ ದೊಡ್ಡಪ್ಪ. ನಂಗೂ ಬೀಡಿ ಕಮ್ಮಿ ಆಗದೆ.”

“ನನ್ನ ಮಾತು ಕೇಳಿದೆಯಲ್ಲ, ಬಿಡು.”

“ಮಾತಲ್ಲ, ಆ ಮರದ ತಂಕ ನಡೆಯಕ್ಕೆ ಸೋಮಾರಿತನ.”

ದೇವರು ಅವನ ಸೋಮಾರಿತನವನ್ನು ಹೀಗೇ ಕಾಪಾಡಲಿ.