ಅಪ್ಪನ ರಕ್ತದಲ್ಲಿ ಗುಳಿಗೆ ಹುಡುಕಿದ್ದು

ಅಪ್ಪ ರಕ್ತದೊತ್ತಡದ ಗುಳಿಗೆ ನುಂಗುತ್ತಾರೋ ಇಲ್ಲವೋ ಎಂಬುದು ನಮ್ಮ ಸೀಮೆಯಲ್ಲಿ ಭೂಕಂಪವಾದ ಮರುವರ್ಷ ನಮ್ಮ ಮನೆಯ ದೊಡ್ಡ ತಕರಾರು. ಅಪ್ಪ ಉದಗೀರದ ಕಾಳುಕಡಿ ಪೇಟೆ ಮೋಂಢಾದಲ್ಲಿ ತೊಗರಿ ವ್ಯಾಪಾರಿ, ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಆ ಕ್ಯಾಪ್ಟೋಪ್ರಿಲ್ ಗುಳಿಗೆಯಲ್ಲಿ ಗಂಧಕದ ಅಂಶವಿದೆ, ವಾಸನೆ ಕೆಟ್ಟದ್ದು. “ತತ್ತಿ ನಾತ ಬರ್ತದ” ಎಂದು ಅಪ್ಪ ಮೂಗು ಮುಚ್ಚುತ್ತಿದ್ದರು. ಒತ್ತಡವಂತೂ ಇಳಿಯಲೊಲ್ಲದು. ಗುಳಿಗೆಯನ್ನು ಹಿತ್ತಲಿಗೆ ಎಸೆಯುತ್ತಾರೆಂದು ಅವ್ವನ ಗುಮಾನಿ.

ನಾನಾಗ ಉದಗೀರದಲ್ಲೇ ಫಾರ್ಮಸಿ ಓದುತ್ತಿದ್ದೆ. ರಕ್ತದ ಪ್ಲಾಸ್ಮಾದಲ್ಲಿ ಇದೇ ಔಷಧವನ್ನು ಅಳೆಯುವುದು ನನ್ನ ಪ್ರಬಂಧದ ಕೆಲಸ. ಪ್ಲಾಸ್ಮಾವನ್ನು ಉಕ್ಕಿನ ಸಣ್ಣ ಕೊಳವೆಯಲ್ಲಿ ಹಾಯಿಸಿದರೆ ಅದರೊಳಗಿನ ಪದಾರ್ಥಗಳು ಒಂದೊಂದಾಗಿ ಬೇರ್ಪಟ್ಟು ಹೊರಬರುತ್ತವೆ. ಔಷಧದ ಸರದಿ ಬಂದಾಗ ಕಾಗದದ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ. ಅವ್ವ ಪಟ್ಟು ಹಿಡಿದಳು: “ಇವರ ನೆತ್ತರಾನೂ ಒಮ್ಮೆ ನೋಡಿಬಿಡವಾ.”

ಅಪ್ಪ ದೇವರ ಕೋಣೆಯಲ್ಲಿ ಗುಳಿಗೆ ನುಂಗಿ ಬಂದೆ ಎಂದರು. ಗಂಟೆ ಕಳೆದ ಮೇಲೆ ವಲಾಂಡಿ ಊರಿನ ಕಂಪೌಂಡರ್ ಬಂದು ರಕ್ತ ತೆಗೆದರು. ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಚುರುಮುರಿ ಸುಸಲಾ ಬಂತು, ಚಹಾ ಬಂತು, ಮಾತಿಗೆ ಮಾತು ಬೆಳೆದು ಇನ್ನೊಂದು ಚಹಾ ಬಂತು. ರಕ್ತದ ಟ್ಯೂಬು ಕಿಟಕಿಯಲ್ಲಿ ಕೂತಿತ್ತು.

ಲ್ಯಾಬಿನಲ್ಲಿ ಗೆರೆ ಸಪಾಟಾಗಿ ಬಂತು.

“ನೋಡಿದಿ? ನುಂಗೇ ಇಲ್ಲ!” ಎಂದಳು ಅವ್ವ.

“ಲಿಂಗದ ಆಣಿ, ನುಂಗೀನಿ” ಎಂದರು ಅಪ್ಪ. ಅವರು ಲಿಂಗದ ಆಣೆಯನ್ನು ಸುಮ್ಮಸುಮ್ಮನೆ ಇಡುವವರಲ್ಲ. ಅವರ ಮುಖ ಬಾಡಿದ್ದು ನೋಡಿ ನನಗೆ ಸಂಕಟವಾಯಿತು.

ಮೂಲ ಹುಡುಕಿದರೆ ನಮ್ಮ ಉಪಚಾರವೇ ಸಿಕ್ಕಿತು. ಈ ಔಷಧಕ್ಕೆ ಒಂಟಿಯಾಗಿ ಇರಲು ಬಾರದು. ರಕ್ತವನ್ನು ಹಾಗೇ ಇಟ್ಟರೆ ಅಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಡೆಯಲು ರಕ್ತ ತೆಗೆದ ಕೂಡಲೇ ಒಂದು ರಾಸಾಯನಿಕ ಬೆರೆಸಬೇಕು. ನಾವು ಬೆರೆಸಿದ್ದು ಚಹಾಕ್ಕೆ ಸಕ್ಕರೆ.

ಮರುವಾರ ರಾಸಾಯನಿಕವನ್ನು ಮೊದಲೇ ಟ್ಯೂಬಿಗೆ ಹಾಕಿಟ್ಟೆ. ಕಂಪೌಂಡರ್ ಕೈತೊಳೆಯುವಷ್ಟರಲ್ಲಿ ನಾನು ಟ್ಯೂಬಿನೊಂದಿಗೆ ಲ್ಯಾಬಿನ ದಾರಿ ಹಿಡಿದಿದ್ದೆ. ಗೆರೆ ಎದ್ದಿತು! ಪ್ರಬಂಧ ಗೆದ್ದಿದ್ದಕ್ಕಿಂತ ಅಪ್ಪ ಗೆದ್ದದ್ದೇ ನನಗೆ ಹೆಚ್ಚಿನ ಖುಷಿ. ಕಾಗದ ಹಿಡಿದು ಮನೆಗೆ ಓಡಿದೆ.

ಅಪ್ಪ ಮೀಸೆ ತಿರುವಿದರು. ಅವ್ವ ಕಾಗದ ನೋಡಲಿಲ್ಲ, ಅಪ್ಪನನ್ನೇ ನೋಡಿದಳು. “ಹಂಗಾದ್ರ ಪ್ರೆಶರ್ ಯಾಕ ಇಳೀವಲ್ದರೀ?”

ಅಪ್ಪ ಮೀಸೆ ಬಿಟ್ಟು ಮಾಳಿಗೆಯ ತೊಲೆಗಳತ್ತ ನೋಡಿದರು. “ಭೂಕಂಪ ಆದಾಗಿಂದ ಈ ಮಣ್ಣಿನ ಮಾಳಿಗಿ ಎಲ್ಲಿ ಮೈಮ್ಯಾಗ ಬೀಳ್ತದೋ ಅಂತ ನಿದ್ದಿ ಹತ್ತವಲ್ದು. ಕಣ್ಣು ಮುಚ್ಚಿ ಸುಮ್ನ ಬಿದ್ದಿರ್ತೀನಿ, ಅಷ್ಟೇ.”

“ಇಷ್ಟು ದಿನ ಬಾಯಿ ಬಿಡಬಾರದಾಗಿತ್ತೇನ್ರೀ?” ಎಂದು ಅವ್ವ ಬೈದಳು. ಬೈಯುತ್ತಲೇ ಗಾದಿ ಸುತ್ತಿ ಅಂಗಳಕ್ಕೆ ಒಯ್ದು ಹಾಸಿದಳು. ಅಪ್ಪನದೊಂದು, ತನ್ನದೊಂದು.