ಚುಕ್ಕಿಯ ಸೊಂಟ

ಹೆಬ್ಬಗೋಡಿಯ ಅನುಸೂಯಮ್ಮ ಅಪಾರ್ಟ್‌ಮೆಂಟ್ ಮಕ್ಕಳಿಗೆ ಕುದುರೆ ಸವಾರಿ ಕಲಿಸುವಾಕೆ. ಹಿಂದೊಮ್ಮೆ ಕುದುರೆಯಿಂದ ಬಿದ್ದಾಗ ಎಡಸೊಂಟ ಹಿಡಿದ ನೋವು ಬಿಟ್ಟಿರಲೇ ಇಲ್ಲ. ಸವಾರಿ ಬಿಡು ಎಂದವರೆಲ್ಲ ಅವಳಿಂದ ಬೈಸಿಕೊಂಡರು. ಡಾಕ್ಟರ್ ಮುನಿಸ್ವಾಮಿ ಮಾತ್ರ, "ನೋವನ್ನ ಓಡ್ಸೋಕಾಗಲ್ಲ ಕಣಮ್ಮ, ಪಳಗಿಸ್ಬೋದು," ಎಂದು ಮಾತ್ರೆ, ವ್ಯಾಯಾಮ ಕೊಟ್ಟು ಅವಳನ್ನು ಜೀನಿನ ಮೇಲೇ ಉಳಿಸಿದ್ದರು.

ಆ ಬೆಳಿಗ್ಗೆ ಎದ್ದರೆ ನೋವೇ ಇಲ್ಲ. ಕುಣಿಯುತ್ತ ಲಾಯಕ್ಕೆ ಹೋದಳು. ಅವಳ ಕುದುರೆ ಚುಕ್ಕಿ ಎಡಗಡೆಯ ಹಿಂಗಾಲೆತ್ತಿ ಗೋಡೆಗೊರಗಿ ನಿಂತಿತ್ತು, ನೋವು ಹೆಚ್ಚಾದಾಗ ಅವಳು ನಿಲ್ಲುತ್ತಿದ್ದ ಹಾಗೆಯೇ. ಪಶುವೈದ್ಯರಿಗೆ ಏನೂ ತಿಳಿಯಲಿಲ್ಲ. ಸಂಜೆ ಅವಳು ಕರೆದಳೆಂದು ಮುನಿಸ್ವಾಮಿಯೇ ಬಂದು, ಅವಳ ಸೊಂಟದಲ್ಲಿ ಸದಾ ಒತ್ತುತ್ತಿದ್ದ ಜಾಗವನ್ನೇ ಚುಕ್ಕಿಯ ಸೊಂಟದಲ್ಲಿ ಒತ್ತಿದರು. ಕುದುರೆ ಅನುಸೂಯಮ್ಮನ ದನಿಯಲ್ಲಿ ನರಳಿತು. ಡಾಕ್ಟರು ಬೆಚ್ಚಿ ಕೈ ತೆಗೆದರು.

"ಸಾರ್," ಎಂದಳು ಅವಳು, "ನನ್ನ ನೋವು ನಂಗೇ ವಾಪಸ್ ಕೊಡ್ಸಿ."